ಓದುವ ಮಕ್ಕಳ ಜೊತೆ ವಿದೇಶಕ್ಕೆ: ಬಳ್ಳಾರಿ, ರಾಯಚೂರು, ಕೊಪ್ಪಳದ ತಂದೆತಾಯಿಗಳಿಗೆ ವೀಸಾ ಮಾರ್ಗದರ್ಶಿ

ಮಗಳಿಗೋ ಮಗನಿಗೋ ವಿದೇಶದ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿ, ವಿದ್ಯಾರ್ಥಿ ವೀಸಾ ಕೈಸೇರಿದ ಮನೆಗಳಲ್ಲಿ ಮುಂದಿನ ಮಾತು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಜೊತೆಗೆ ತಾಯಿಯಾದರೂ ಹೋಗಿ ನಾಲ್ಕಾರು ತಿಂಗಳು ಇದ್ದು ಬಂದರೆ ಒಳ್ಳೆಯದಲ್ಲವೇ? ಬಯಕೆ ಸಹಜವಾದದ್ದೇ ಆದರೂ ಬಹುತೇಕ ದೇಶಗಳ ವಲಸೆ ಕಾನೂನಿನಲ್ಲಿ ಅದಕ್ಕೆ ಪ್ರತ್ಯೇಕ ಜಾಗವಿಲ್ಲ. ಆ ಕಾನೂನುಗಳ ಪ್ರಕಾರ ವಿದ್ಯಾರ್ಥಿಯ ಅವಲಂಬಿತರು ಎಂದರೆ ಗಂಡ ಅಥವಾ ಹೆಂಡತಿ ಮತ್ತು ಚಿಕ್ಕ ಮಕ್ಕಳು; ಹೆತ್ತವರು ಆ ಪಟ್ಟಿಗೆ ಸೇರುವುದಿಲ್ಲ. ಆದ್ದರಿಂದ ತಂದೆತಾಯಿ ತಮ್ಮ ಹೆಸರಿನಲ್ಲಿ, ತಮ್ಮ ಆದಾಯ ಮತ್ತು ಊರಿನೊಂದಿಗೆ ತಮಗಿರುವ ನಂಟಿನ ಆಧಾರದ ಮೇಲೆ, ಬೇರೆಯದೇ ವೀಸಾ ಪಡೆಯಬೇಕಾಗುತ್ತದೆ.

ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಇಲ್ಲಿ ಎದುರಾಗುವ ತೊಡಕು ಹಣದ್ದಕ್ಕಿಂತ ಹೆಚ್ಚಾಗಿ ಕಾಗದದ್ದು. ತುಂಗಭದ್ರಾ ನಾಲೆಯ ಕೆಳಗೆ ಹದಿನೈದು ಎಕರೆ ಭತ್ತ ಬೆಳೆಯುವ ಕುಟುಂಬದ ಆದಾಯ ನಗರದ ಸಂಬಳದಾರನಿಗಿಂತ ಹೆಚ್ಚಿರಬಹುದು. ಆದರೆ ಅದನ್ನು ತೋರಿಸುವ ಸಂಬಳ ಚೀಟಿಯಾಗಲಿ, ಆದಾಯ ತೆರಿಗೆ ವಿವರಣೆಯಾಗಲಿ (ಐಟಿ ರಿಟರ್ನ್) ಆ ಮನೆಯಲ್ಲಿ ಇರುವುದಿಲ್ಲ. ವೀಸಾ ಅಧಿಕಾರಿ ಹೊಲವನ್ನು ನೋಡಲು ಬರುವುದಿಲ್ಲ, ಕಡತವನ್ನು ಮಾತ್ರ ನೋಡುತ್ತಾರೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಕಡತದ ಕುರಿತೇ ಇದೆ. ಪ್ರಯಾಣಕ್ಕೆ ಕನಿಷ್ಠ ಒಂದು ವರ್ಷ ಮೊದಲು ಈ ಕೆಲಸ ಆರಂಭಿಸುವುದು ಉತ್ತಮ. ಶುಲ್ಕ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ವಾರದಲ್ಲಿ ಆಯಾ ದೇಶದ ಸರ್ಕಾರಿ ಜಾಲತಾಣವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಮೊದಲ ಹಂತ: ಯಾವ ವೀಸಾ ಎಂಬುದನ್ನು ಮಗುವಿನ ವಯಸ್ಸಿನಿಂದ ತೀರ್ಮಾನಿಸಿ

ವಿದೇಶಕ್ಕೆ ಹೋಗುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಓದಲು ಅಥವಾ ಪಿಯುಸಿ ಮುಗಿಸಿ ಎಂಬಿಬಿಎಸ್ ಓದಲು ಹೊರಟವರು; ಅಂದರೆ 18 ವರ್ಷ ತುಂಬಿದವರು ಅಥವಾ ತುಂಬುವ ಹೊಸ್ತಿಲಲ್ಲಿರುವವರು. ಇವರ ಹೆತ್ತವರಿಗೆ ಉಳಿದಿರುವುದು ಸಂದರ್ಶಕ ವೀಸಾ ಒಂದೇ.

ಅಮೆರಿಕದಲ್ಲಿ ಎಫ್-1 ವೀಸಾದ ವಿದ್ಯಾರ್ಥಿಯ ಜೊತೆ ಹೋಗುವ ಎಫ್-2 ವೀಸಾ ಪತಿ ಅಥವಾ ಪತ್ನಿಗೆ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಮಾತ್ರ ಸಿಗುತ್ತದೆ. ತಂದೆತಾಯಿ ಬಿ-2 ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಬೇಕು. ಭಾರತೀಯರಿಗೆ ಇದು ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ದೊರೆಯುತ್ತದೆ. ಆದರೆ ಹತ್ತು ವರ್ಷ ಎಂಬುದು ಬಾಗಿಲು ತಟ್ಟಲು ಇರುವ ಅವಧಿಯೇ ಹೊರತು ಒಳಗೆ ಇರಬಹುದಾದ ಅವಧಿಯಲ್ಲ. ಪ್ರತಿ ಸಲ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸಿ ಐ-94 ದಾಖಲೆಯಲ್ಲಿ ನಮೂದಿಸುತ್ತಾರೆ, ಅದು ಸಾಮಾನ್ಯವಾಗಿ ಆರು ತಿಂಗಳು.

ಬ್ರಿಟನ್‌ನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲೂ ಒಂದು ಭೇಟಿಗೆ ಆರು ತಿಂಗಳ ಮಿತಿಯಿದೆ. ಎರಡು, ಐದು, ಹತ್ತು ವರ್ಷಗಳ ವೀಸಾ ಪಡೆದವರೂ ಪ್ರತಿ ಭೇಟಿಯಲ್ಲಿ ಈ ಮಿತಿ ಮೀರುವಂತಿಲ್ಲ. ಬಂದು ಹೋಗುತ್ತಲೇ ಅಲ್ಲಿಯೇ ನೆಲೆಸಿದಂತೆ ಕಂಡರೆ ಮುಂದಿನ ಪ್ರವೇಶ ನಿರಾಕರಿಸಬಹುದು. 2024ರ ಜನವರಿ 1ರಿಂದ ಅಲ್ಲಿ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಪತಿ, ಪತ್ನಿ, ಮಕ್ಕಳನ್ನು ಕರೆತರುವ ಅವಕಾಶವನ್ನೂ ಕಳೆದುಕೊಂಡಿದ್ದಾರೆ. ಸಂಶೋಧನಾ ಪದವಿಗಳಿಗೆ ವಿನಾಯಿತಿ ಉಳಿದಿದೆ.

ಜರ್ಮನಿ, ಫ್ರಾನ್ಸ್, ಇಟಲಿಯಂತಹ ದೇಶಗಳಿಗೆ ಷೆಂಗೆನ್ ವೀಸಾ ಬೇಕು. ಅದರ ನಿಯಮದಂತೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ ಆಗಿದೆ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ಪ್ರಯಾಣ ವಿಮೆ ಕಡ್ಡಾಯ. ಐರ್ಲೆಂಡ್ ಈ ಷೆಂಗೆನ್ ವಲಯದಲ್ಲಿಲ್ಲ. ಅಲ್ಲಿಗೆ ಬೇರೆ ವೀಸಾ ಬೇಕು. ಎಂಬಿಬಿಎಸ್‌ಗಾಗಿ ನಮ್ಮ ಕಡೆಯ ಮಕ್ಕಳು ಹೋಗುವ ರಷ್ಯಾ 2023ರ ಆಗಸ್ಟ್‌ನಿಂದ ಭಾರತೀಯರಿಗೆ ಇ-ವೀಸಾ ನೀಡುತ್ತಿದೆ. ಅದು ಮಗುವನ್ನು ಹಾಸ್ಟೆಲ್‌ಗೆ ಸೇರಿಸಿ ಬರಲು ಸಾಕಾಗುತ್ತದೆಯೇ ಹೊರತು, ಜೊತೆಗೆ ಒಂದು ಸೆಮಿಸ್ಟರ್ ಇರಲು ಆಗುವುದಿಲ್ಲ.

ಕೆನಡಾದ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಸೂಪರ್ ವೀಸಾ ಪಡೆದ ಹೆತ್ತವರು ಅಲ್ಲಿ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು ಎಂಬುದು ನಿಜ. ಆದರೆ ಅದು ಕೆನಡಾದ ಪೌರರ ಮತ್ತು ಕಾಯಂ ನಿವಾಸಿಗಳ ಹೆತ್ತವರು ಹಾಗೂ ಅಜ್ಜ ಅಜ್ಜಿಯರಿಗೆ ಮೀಸಲು. ಸ್ಟಡಿ ಪರ್ಮಿಟ್ ಮೇಲಿರುವ ವಿದ್ಯಾರ್ಥಿಯ ತಂದೆತಾಯಿ ಸಾಮಾನ್ಯ ಸಂದರ್ಶಕ ವೀಸಾಕ್ಕೇ ಅರ್ಜಿ ಹಾಕಬೇಕು. ಮಗ ಅಲ್ಲಿದ್ದಾನೆ, ಸೂಪರ್ ವೀಸಾ ಮಾಡಿಸಿಕೊಡುತ್ತೇವೆ ಎಂದು ಮುಂಗಡ ಕೇಳುವ ಏಜೆಂಟ್‌ನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಹಾಗೆಯೇ ಆಸ್ಟ್ರೇಲಿಯಾದ 600ನೇ ಉಪವರ್ಗದ ಸಂದರ್ಶಕ ವೀಸಾದಲ್ಲಿ ಕುಟುಂಬದ ಪ್ರಾಯೋಜಕತ್ವದ ವಿಭಾಗವೊಂದಿದ್ದರೂ, ಪ್ರಾಯೋಜಕರು ಅಲ್ಲಿ ನೆಲೆನಿಂತ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕಾದ್ದರಿಂದ ವಿದ್ಯಾರ್ಥಿ ಮಕ್ಕಳು ಅದನ್ನು ಬಳಸಲಾಗದು. ಪ್ರವಾಸಿ ವಿಭಾಗದಲ್ಲೇ ಅರ್ಜಿ ಹಾಕಬೇಕು.

ಮಗು ಶಾಲೆಯ ವಯಸ್ಸಿನದಾಗಿದ್ದರೆ ಮಾತ್ರ ಬೇರೆ ದಾರಿಗಳು ತೆರೆಯುತ್ತವೆ. ಆಸ್ಟ್ರೇಲಿಯಾದಲ್ಲಿ 18 ವರ್ಷದೊಳಗಿನ ವಿದ್ಯಾರ್ಥಿಯನ್ನು ನೋಡಿಕೊಳ್ಳುವ ತಂದೆ ಅಥವಾ ತಾಯಿಗೆ 590ನೇ ಉಪವರ್ಗದ ಸ್ಟೂಡೆಂಟ್ ಗಾರ್ಡಿಯನ್ ವೀಸಾ ಇದೆ. ಆ ವೀಸಾದಲ್ಲಿ ದುಡಿಯುವಂತಿಲ್ಲ. ನ್ಯೂಜಿಲೆಂಡ್‌ನಲ್ಲೂ ಶಾಲಾ ವಿದ್ಯಾರ್ಥಿಯ ಪಾಲಕರಿಗೆ ಇದೇ ಬಗೆಯ ವೀಸಾ ಇದೆ, ಪಾಲಕರು ಮಗುವಿನ ಜೊತೆಯಲ್ಲೇ ವಾಸಿಸಬೇಕು. ಬ್ರಿಟನ್‌ನ ಪೇರೆಂಟ್ ಆಫ್ ಎ ಚೈಲ್ಡ್ ಸ್ಟೂಡೆಂಟ್ ವೀಸಾ 4ರಿಂದ 11 ವರ್ಷದ ಮಗು ಖಾಸಗಿ ಶಾಲೆಯಲ್ಲಿ ಓದುತ್ತಿದ್ದರೆ ಒಬ್ಬ ಪೋಷಕರಿಗೆ ಮಾತ್ರ ಸಿಗುತ್ತದೆ ಮತ್ತು ಮಗುವಿಗೆ 12 ತುಂಬಿದ ಮೇಲೆ ಮುಂದುವರಿಯುವುದಿಲ್ಲ. ಸಿಂಗಪುರ ವಿದ್ಯಾರ್ಥಿ ಪಾಸ್ ಹೊಂದಿರುವ ಮಗುವಿನ ತಾಯಿಗೆ ಅಥವಾ ಅಜ್ಜಿಗೆ ದೀರ್ಘಾವಧಿ ಭೇಟಿ ಪಾಸ್ ಕೊಡುತ್ತದೆ. ತಂದೆಗೆ ಈ ದಾರಿ ಇಲ್ಲ. ಕೆನಡಾದಲ್ಲಿ 17 ವರ್ಷದೊಳಗಿನ ಮಗು ಹೆತ್ತವರಿಲ್ಲದೆ ಹೋಗುವುದಾದರೆ ಅಲ್ಲಿನ ಪೌರರೋ ಕಾಯಂ ನಿವಾಸಿಯೋ ಆದ ಒಬ್ಬ ಪಾಲಕರನ್ನು ಗೊತ್ತುಪಡಿಸಿ, ಎರಡೂ ಕಡೆ ನೋಟರಿ ಮಾಡಿಸಿದ ಘೋಷಣಾ ಪತ್ರ ಕೊಡಬೇಕು. ಅಮೆರಿಕದಲ್ಲಿ ಮಗು ಎಷ್ಟೇ ಚಿಕ್ಕದಿದ್ದರೂ ಹೆತ್ತವರಿಗೆ ಪಾಲಕ ವೀಸಾ ಎಂಬುದಿಲ್ಲ.

ಎರಡನೆಯ ಹಂತ: ಪಾಸ್‌ಪೋರ್ಟ್ ಮತ್ತು ಹೆಸರುಗಳ ಹೊಂದಾಣಿಕೆ

ಮಗುವಿನ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆ ಮತ್ತು ತಾಯಿಯ ಹೆಸರಿದೆ. ನಿಮ್ಮ ಪಾಸ್‌ಪೋರ್ಟ್‌ನ ಮೊದಲ ಪುಟವನ್ನು ಅದರ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದೇ ಈ ಹಂತದ ಮೊದಲ ಕೆಲಸ, ಏಕೆಂದರೆ ನೀವು ವಿದ್ಯಾರ್ಥಿಯ ಹೆತ್ತವರು ಎಂಬುದಕ್ಕೆ ಅಧಿಕಾರಿಯ ಕಣ್ಣಿಗೆ ಬೀಳುವ ಮೊದಲ ಪುರಾವೆ ಅದು. ಒಂದರಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ ಎಂದಿರುವುದು, ತಾಯಿಯ ತವರುಮನೆಯ ಹೆಸರು ಒಂದು ಕಡೆ, ಗಂಡನ ಮನೆಯ ಅಡ್ಡಹೆಸರು ಇನ್ನೊಂದು ಕಡೆ ಇರುವುದು, ಮಗುವಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಸಣ್ಣ ವ್ಯತ್ಯಾಸಗಳಿಗೆ ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ ಸಾಕಾಗಬಹುದು. ಹೆಸರೇ ಬೇರೆಯಾಗಿ ಕಾಣುವಂತಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಸರಿಪಡಿಸಿಕೊಳ್ಳುವುದೇ ಲೇಸು.

ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಮುದ್ರಿತವಾಗುತ್ತದೆ. ಅದು ತಪ್ಪಲ್ಲ, ಆದರೆ ವಿಮಾನದ ಟಿಕೆಟ್, ವಿಮೆ, ವೀಸಾ ಮೂರರಲ್ಲೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ.

ಊರಿನ ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದ್ದರಿಂದ ಹಳೆಯ ದಾಖಲೆಗಳಲ್ಲಿ ಒಂದು ರೂಪ, ಹೊಸ ದಾಖಲೆಗಳಲ್ಲಿ ಇನ್ನೊಂದು ರೂಪ ಇರುತ್ತದೆ. ಕೊಪ್ಪಳದವರ ಹಳೆಯ ಜನನ ದಾಖಲೆಯಲ್ಲಿ ಜಿಲ್ಲೆ ರಾಯಚೂರು ಎಂದಿರುತ್ತದೆ, ಏಕೆಂದರೆ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1990ರ ದಶಕದ ಕೊನೆಯಲ್ಲಿ. ಹೊಸಪೇಟೆ, ಹಗರಿಬೊಮ್ಮನಹಳ್ಳಿ ಕಡೆಯವರ ದಾಖಲೆಗಳಲ್ಲಿ ಬಳ್ಳಾರಿ ಎಂದಿದ್ದು ಈಗಿನ ವಿಳಾಸ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯದಾಗಿರುತ್ತದೆ. ವಿದೇಶಿ ಅಧಿಕಾರಿಗೆ ಈ ಇತಿಹಾಸ ಗೊತ್ತಿರಬೇಕೆಂದು ನಿರೀಕ್ಷಿಸಲಾಗದು. ಕಡತದ ಮುಖಪತ್ರದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟರೆ ಪ್ರಶ್ನೆ ಏಳುವುದಿಲ್ಲ.

ಹೊಸ ಪಾಸ್‌ಪೋರ್ಟ್ ಬೇಕಾದವರು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ ಹತ್ತಿರದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬಹುದು. ವಯಸ್ಕರಿಗೆ 36 ಪುಟಗಳ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ರೂಪಾಯಿ ಹೆಚ್ಚು. ಹತ್ತನೆಯ ತರಗತಿ ಪಾಸಾಗದ ತಾಯಂದಿರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂಬ ಮುದ್ರೆ ಇರಬಹುದು. ಅದು 18 ನಿರ್ದಿಷ್ಟ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವವರಿಗೆ ಸಂಬಂಧಿಸಿದ್ದು. ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಹೋಗುವವರಿಗೆ ಅಡ್ಡಿಯಾಗುವುದಿಲ್ಲ. ಅದನ್ನು ತೆಗೆಸಿಕೊಡುತ್ತೇವೆಂದು ಹಣ ಕೇಳುವವರಿಗೆ ಕಿವಿಗೊಡಬೇಕಾಗಿಲ್ಲ.

ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರೇ ದಾಖಲಾಗದಿದ್ದರೆ ಈಗಲೇ ಸೇರಿಸಿಕೊಳ್ಳಿ. ಜೊತೆಗೆ ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪ್ರಮಾಣಪತ್ರ ಸಂಬಂಧವನ್ನು ತೋರಿಸುವ ಉತ್ತಮ ಪೂರಕ ದಾಖಲೆ. ಇದೇ ಭೇಟಿಯಲ್ಲಿ ಕೆಲವರು 371(ಜೆ) ಪ್ರಮಾಣಪತ್ರವನ್ನೂ ತೆಗೆದು ಕಡತಕ್ಕೆ ಸೇರಿಸುತ್ತಾರೆ. ಅದು ಸೀಟಿಗೂ ನೌಕರಿಗೂ ಎಷ್ಟು ಮುಖ್ಯವೋ ವೀಸಾಕ್ಕೆ ಅಷ್ಟೇ ನಿರುಪಯುಕ್ತ.

ಮೂರನೆಯ ಹಂತ: ಆದಾಯವನ್ನು ಕಾಗದಕ್ಕೆ ಇಳಿಸುವುದು

ಸಂಬಳದಾರರಿಗೆ ಇದು ಸುಲಭ. ಹಟ್ಟಿ ಚಿನ್ನದ ಗಣಿಯಲ್ಲೋ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲೋ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಕೆಲಸ ಮಾಡುವವರು ವೇತನ ಚೀಟಿ, ಫಾರ್ಮ್ 16, ರಜೆ ಮಂಜೂರಾತಿ ಪತ್ರಗಳನ್ನು ಇಟ್ಟರೆ ಸಾಕು. ಸರ್ಕಾರಿ ನೌಕರರು ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಮೊದಲೇ ಕೇಳಬೇಕು, ಏಕೆಂದರೆ ಅದು ಮೇಜಿನಿಂದ ಮೇಜಿಗೆ ಸಾಗುವ ವೇಗ ಎಲ್ಲರಿಗೂ ಗೊತ್ತಿರುವಂಥದ್ದೇ. ಜೀನ್ಸ್ ಘಟಕ, ಅಕ್ಕಿ ಗಿರಣಿ, ಲಾರಿ ವ್ಯವಹಾರ ನಡೆಸುವವರು ಜಿಎಸ್‌ಟಿ ವಿವರಣೆ ಮತ್ತು ಮೂರು ವರ್ಷದ ಆದಾಯ ತೆರಿಗೆ ವಿವರಣೆಗಳನ್ನು ಜೋಡಿಸಬೇಕು.

ಕಷ್ಟವಿರುವುದು ರೈತ ಕುಟುಂಬಗಳಿಗೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲದ ಕಾರಣ ಹೆಚ್ಚಿನವರು ವಿವರಣೆಯನ್ನೇ ಸಲ್ಲಿಸಿರುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಭತ್ತದ ಹಣವಾಗಲಿ, ರಾಯಚೂರು ಮಾರುಕಟ್ಟೆಯ ಹತ್ತಿಯ ಹಣವಾಗಲಿ ವರ್ಷಕ್ಕೆ ಒಂದೆರಡು ಸಲ ಮೊತ್ತವಾಗಿ ಬರುತ್ತದೆ, ಅದರಲ್ಲಿ ಒಂದು ಪಾಲು ದಲಾಲಿ ಅಂಗಡಿಯಲ್ಲೇ ಗೊಬ್ಬರ, ಔಷಧಿ, ಕೈಗಡಕ್ಕೆ ವಜಾ ಆಗುತ್ತದೆ, ಉಳಿದದ್ದು ನಗದಾಗಿ ಕೈಗೆ ಬರುತ್ತದೆ. ಬ್ಯಾಂಕ್ ಖಾತೆಯಲ್ಲಿ ಹತ್ತು ತಿಂಗಳು ಕೆಲವೇ ಸಾವಿರ ರೂಪಾಯಿ ಇದ್ದು, ಹನ್ನೊಂದನೆಯ ತಿಂಗಳಿಗೆ ಎಂಟು ಲಕ್ಷ ನಗದು ಜಮೆಯಾದದ್ದನ್ನು ಕಂಡ ಅಧಿಕಾರಿ ಅದನ್ನು ಸುಗ್ಗಿ ಎಂದು ಓದುವುದಿಲ್ಲ, ವೀಸಾಕ್ಕಾಗಿ ಸಾಲ ತಂದಿಟ್ಟ ಹಣ ಎಂದೇ ಓದುತ್ತಾರೆ. ಒಂದು ವರ್ಷ ಮೊದಲು ಆರಂಭಿಸಬೇಕೆಂದು ಹೇಳಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ.

ಮುಂದಿನ ಸುಗ್ಗಿಯಿಂದಲೇ ಮಾರಾಟದ ಹಣವನ್ನು ಚೆಕ್ ಅಥವಾ ಆರ್‌ಟಿಜಿಎಸ್ ಮೂಲಕ ಖಾತೆಗೆ ಹಾಕುವಂತೆ ದಲಾಲಿ ಅಂಗಡಿಯವರನ್ನು ಕೇಳಿ. ಹಳೆಯ ಗಿರಾಕಿಯ ಮಾತನ್ನು ಅವರು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ಪ್ರತಿ ಮಾರಾಟದ ಪಟ್ಟಿ ಮತ್ತು ತೂಕದ ಚೀಟಿಯನ್ನು ದಿನಾಂಕದ ಪ್ರಕಾರ ಜೋಡಿಸಿಡಿ. ಪಟ್ಟಿಯ ಮೊತ್ತ, ಕಡಿತ, ಖಾತೆಗೆ ಬಂದ ಹಣ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಬ್ಯಾಂಕ್ ಹೇಳಿಕೆಯನ್ನು ಆರು ತಿಂಗಳದ್ದು ಕೇಳುವ ಕಡೆಯೂ ಹನ್ನೆರಡು ತಿಂಗಳದ್ದನ್ನು ಕೊಡುವುದು ರೈತರಿಗೆ ಅನುಕೂಲ, ಏಕೆಂದರೆ ಆರು ತಿಂಗಳಿನಲ್ಲಿ ಒಂದು ಬೆಳೆ ಮಾತ್ರ ಕಾಣುತ್ತದೆ ಅಥವಾ ಯಾವುದೂ ಕಾಣುವುದಿಲ್ಲ. 2023ರ ಬರದಂತಹ ವರ್ಷದಲ್ಲೋ, ಎರಡನೆಯ ಬೆಳೆಗೆ ನಾಲೆಯ ನೀರು ಬಿಡದ ವರ್ಷದಲ್ಲೋ ಜಮೆ ಕಡಿಮೆಯಿದ್ದರೆ ಆ ಕಾರಣವನ್ನು ಮುಖಪತ್ರದಲ್ಲಿ ಬರೆಯಿರಿ.

ಆದಾಯ ತೆರಿಗೆ ವಿವರಣೆಯನ್ನು ಸ್ವಇಚ್ಛೆಯಿಂದ ಸಲ್ಲಿಸಿ, ಕೃಷಿ ಆದಾಯವನ್ನು ವಿನಾಯಿತಿ ಪಡೆದ ಆದಾಯವೆಂದು ತೋರಿಸುವುದು ನನ್ನ ಅಭಿಪ್ರಾಯದಲ್ಲಿ ಈ ಇಡೀ ಸಿದ್ಧತೆಯ ಅತ್ಯುತ್ತಮ ಹೆಜ್ಜೆ. ವರ್ಷದ ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಸರಳವಾದ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಅಥವಾ ಅನ್ವಯವಾಗುವ ಬೇರೆ ನಮೂನೆ ಬೇಕು. ಆದರೆ ಇಲ್ಲಿ ತೋರಿಸುವ ಅಂಕಿ ಪಹಣಿಯ ವಿಸ್ತೀರ್ಣಕ್ಕೂ ಮಾರಾಟದ ಪಟ್ಟಿಗೂ ಹೊಂದಬೇಕು. ಐದು ಎಕರೆ ಒಣಭೂಮಿಯಿಂದ ಮೂವತ್ತು ಲಕ್ಷ ಬಂತೆಂದು ಬರೆಸಿದರೆ ವೀಸಾ ಅಧಿಕಾರಿಗಿಂತ ಮೊದಲು ತೆರಿಗೆ ಇಲಾಖೆಯೇ ಪ್ರಶ್ನೆ ಕೇಳುತ್ತದೆ.

ಜಮೀನಿನ ದಾಖಲೆಗಳಲ್ಲಿ ಪಹಣಿ ಮತ್ತು ಮ್ಯುಟೇಶನ್ ಮುಖ್ಯ. ಜಮೀನು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗಿರದಿದ್ದರೆ, ನೀವು ಉಳುವ ಹೊಲ ಕಾಗದದಲ್ಲಿ ನಿಮ್ಮದಲ್ಲ. ಅದನ್ನು ಈ ನೆಪದಲ್ಲಾದರೂ ಮಾಡಿಸಿಕೊಳ್ಳಿ. ಬಾಯಿಮಾತಿನ ಗುತ್ತಿಗೆಯ ಜಮೀನು ಕಡತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕ್ ಸಾಲದ ನಮೂದು ಪಹಣಿಯ ಋಣದ ಕಾಲಂನಲ್ಲಿ ಇದ್ದರೆ ಮುಚ್ಚಿಡಬೇಕಾಗಿಲ್ಲ, ಬೆಳೆಸಾಲ ಎಲ್ಲ ರೈತರಿಗೂ ಇರುವಂಥದ್ದೇ. ಒಟ್ಟು ಆಸ್ತಿಯ ಮೌಲ್ಯವನ್ನು ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಂದ ಪ್ರಮಾಣೀಕರಿಸಿಕೊಳ್ಳಿ ಮತ್ತು ಆ ಪತ್ರದಲ್ಲಿ ಯುಡಿಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಿ. 2019ರ ಫೆಬ್ರವರಿಯಿಂದ ಸಿಎ ಪ್ರಮಾಣಪತ್ರಗಳಿಗೆ ಅದು ಕಡ್ಡಾಯವಾಗಿದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ವಿದ್ಯಾರ್ಥಿವೇತನಕ್ಕಾಗಿಯೋ ಪಡಿತರ ಚೀಟಿಗಾಗಿಯೋ ಹಿಂದೆ ಪಡೆದ ಆದಾಯ ಪ್ರಮಾಣಪತ್ರದಲ್ಲಿ ವಾರ್ಷಿಕ ಆದಾಯ ತೀರಾ ಕಡಿಮೆ ನಮೂದಾಗಿರುವ ಮನೆಗಳು ಬಹಳ. ಮಗುವಿನ ವಿದ್ಯಾರ್ಥಿ ವೀಸಾ ಕಡತದಲ್ಲಿ ಇಪ್ಪತ್ತು ಲಕ್ಷ ಎಂದು, ತಂದೆಯ ಕಡತದಲ್ಲಿ ಆರು ಲಕ್ಷ ಎಂದು, ತಹಶೀಲ್ದಾರರ ಪ್ರಮಾಣಪತ್ರದಲ್ಲಿ ನಲವತ್ತು ಸಾವಿರ ಎಂದು ಮೂರು ಬೇರೆ ಬೇರೆ ಅಂಕಿಗಳಿದ್ದರೆ ಯಾವುದನ್ನೂ ನಂಬಲು ಅಧಿಕಾರಿಗೆ ಕಾರಣವಿರುವುದಿಲ್ಲ. ಮಗುವಿನ ಅರ್ಜಿಯ ಪ್ರತಿಯನ್ನು ತೆಗೆದು, ಅದರಲ್ಲಿ ಪೋಷಕರ ಆದಾಯ, ಉದ್ಯೋಗ, ವಿಳಾಸ ಏನೆಂದು ಬರೆದಿದೆ ಎಂಬುದನ್ನು ನೋಡಿಯೇ ನಿಮ್ಮ ಅರ್ಜಿ ತುಂಬಿರಿ. ಹಳೆಯ ಅಂಕಿ ತಪ್ಪಾಗಿದ್ದರೆ ಈಗಿನ ನಿಜವಾದ ಅಂಕಿಯನ್ನು ದಾಖಲೆ ಸಮೇತ ಕೊಟ್ಟು ವ್ಯತ್ಯಾಸವನ್ನು ವಿವರಿಸಬೇಕು.

ನಾಲ್ಕನೆಯ ಹಂತ: ಮರಳಿ ಬರುವಿರೆಂದು ತೋರಿಸುವ ಮುಖಪತ್ರ

ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ಪ್ರತಿಯೊಬ್ಬ ಅರ್ಜಿದಾರನೂ ಅಲ್ಲಿಯೇ ನೆಲೆಸಲು ಬಂದವನೆಂದು ಮೊದಲಿಗೆ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಉಳಿದ ದೇಶಗಳ ಭಾಷೆ ಇಷ್ಟು ಕಟುವಾಗಿರದಿದ್ದರೂ ಅನುಮಾನ ಅದೇ. ಮಗು ಅಲ್ಲಿರುವುದೇ ಹೆತ್ತವರು ಅಲ್ಲಿ ಉಳಿದುಬಿಡಲು ಕಾರಣವಾಗಬಹುದೆಂದು ಅವರು ಎಣಿಸುತ್ತಾರೆ. ಹೀಗಾಗಿ ಮಗನನ್ನು ಬಿಟ್ಟಿರಲಾರೆವು ಎಂಬ ಅಕ್ಕರೆಯ ಮಾತು ಮುಖಪತ್ರದಲ್ಲಿ ಬಂದಷ್ಟೂ ಕಡತಕ್ಕೆ ಕೇಡು.

ಮುಖಪತ್ರ ಒಂದು ಪುಟ ಮೀರಬಾರದು. ಅದರ ಧಾಟಿ ಹೀಗಿರಬಹುದು: "ನಾನು ಸಿಂಧನೂರು ತಾಲ್ಲೂಕಿನಲ್ಲಿ 12 ಎಕರೆ ನೀರಾವರಿ ಜಮೀನು ಹೊಂದಿರುವ ರೈತ. ನನ್ನ ಮಗಳು ಇಂಥ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಬೇಸಿಗೆ ಬೆಳೆಯ ಕೊಯ್ಲು ಮುಗಿದ ನಂತರ ಏಪ್ರಿಲ್ ಕೊನೆಯಿಂದ ಆರು ವಾರ ಆಕೆಯೊಡನೆ ಇದ್ದು, ಮುಂಗಾರು ಬಿತ್ತನೆಯ ಸಿದ್ಧತೆಗೆ ಜೂನ್ ಎರಡನೆಯ ವಾರದಲ್ಲಿ ಮರಳುತ್ತೇನೆ. ಊರಿನಲ್ಲಿ ನನ್ನ ತಾಯಿ ಮತ್ತು ಪಿಯುಸಿ ಓದುವ ಮಗ ಇದ್ದಾರೆ. ಪ್ರಯಾಣದ ವೆಚ್ಚವನ್ನು ನಾನೇ ಭರಿಸುತ್ತೇನೆ. ವಸತಿ ಮಗಳ ಬಾಡಿಗೆ ಮನೆಯಲ್ಲಿ." ಕೃಷಿಯ ಕಾಲಚಕ್ರ ಇಲ್ಲಿ ನಮಗೆ ಸಹಾಯಕ್ಕೆ ಬರುತ್ತದೆ, ಏಕೆಂದರೆ ನಾಟಿ ಮತ್ತು ಕೊಯ್ಲಿಗೆ ಮರಳಲೇಬೇಕಾದ ರೈತನ ಪ್ರಯಾಣದ ದಿನಾಂಕಗಳಿಗೆ ತಾನಾಗಿಯೇ ಒಂದು ತರ್ಕವಿರುತ್ತದೆ. ಅದೇ ರೈತ ನಾಟಿಯ ಹಂಗಾಮಿನಲ್ಲಿ ಐದು ತಿಂಗಳ ಭೇಟಿ ಕೇಳಿದರೆ ಆ ತರ್ಕ ಮುರಿಯುತ್ತದೆ.

ಮೊದಲ ಭೇಟಿಗೆ ಕಡಿಮೆ ಅವಧಿ ಕೇಳುವುದು ಜಾಣತನ. ನಿಯಮ ಪಾಲಿಸಿ ಮರಳಿ ಬಂದ ದಾಖಲೆ ಮುಂದಿನ ಅರ್ಜಿಗೆ ಬಹು ದೊಡ್ಡ ಬಲ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತೀಯರಿಗಾಗಿ ತಂದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾಗಳನ್ನು ಕ್ರಮಬದ್ಧವಾಗಿ ಬಳಸಿದವರು ಎರಡು ವರ್ಷಗಳ ಬಹುಪ್ರವೇಶ ವೀಸಾ ಪಡೆಯಬಹುದು, ನಂತರ ಐದು ವರ್ಷಗಳದ್ದನ್ನೂ ಪಡೆಯಬಹುದು.

ಮಗು ಬರೆಯುವ ಆಹ್ವಾನ ಪತ್ರಕ್ಕೆ ನಮ್ಮ ಜನ ಕೊಡುವಷ್ಟು ತೂಕವನ್ನು ಅಧಿಕಾರಿಗಳು ಕೊಡುವುದಿಲ್ಲ. ಅಮೆರಿಕದ ಬಿ-2 ವೀಸಾಕ್ಕೆ ಅದು ಕಾನೂನಿನ ಅಗತ್ಯವೇ ಅಲ್ಲ. ಅದರ ಜೊತೆ ಮಗುವಿನ ವಿದ್ಯಾರ್ಥಿ ವೀಸಾ, ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ಮನೆಯ ಬಾಡಿಗೆ ಕರಾರು ಇಟ್ಟರೆ ಸಾಕು. ನಾಲ್ವರು ಹಂಚಿಕೊಂಡಿರುವ ಕೋಣೆಯಲ್ಲಿ ತಂದೆತಾಯಿ ಇಬ್ಬರನ್ನೂ ಉಳಿಸಿಕೊಳ್ಳಲು ಮನೆಯ ಮಾಲೀಕರ ಒಪ್ಪಿಗೆ ಇದೆಯೇ ಎಂಬುದನ್ನೂ ಮಗು ಮೊದಲೇ ಕೇಳಿಟ್ಟುಕೊಳ್ಳಬೇಕು.

ಐದನೆಯ ಹಂತ: ಭಾಷಾಂತರ, ಅರ್ಜಿ, ಸಂದರ್ಶನ

ಪಹಣಿ, ಮಾರಾಟದ ಪಟ್ಟಿ, ವಂಶವೃಕ್ಷ ಇವೆಲ್ಲ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಭಾಷಾಂತರ ಬೇಕು. ಬ್ರಿಟನ್‌ಗೆ ಸಲ್ಲಿಸುವ ಭಾಷಾಂತರದಲ್ಲಿ ಅದು ಮೂಲಕ್ಕೆ ನಿಷ್ಠವಾಗಿದೆ ಎಂಬ ಹೇಳಿಕೆ, ದಿನಾಂಕ, ಭಾಷಾಂತರಕಾರರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಇರಬೇಕು. ಕೆನಡಾಕ್ಕೆ, ಭಾಷಾಂತರಕಾರರು ಮಾನ್ಯತೆ ಪಡೆದವರಲ್ಲದಿದ್ದರೆ, ಅವರ ಪ್ರಮಾಣಪತ್ರವೂ (ಅಫಿಡವಿಟ್) ಬೇಕಾಗುತ್ತದೆ ಮತ್ತು ಕುಟುಂಬದವರು ಭಾಷಾಂತರ ಮಾಡುವಂತಿಲ್ಲ. ಎಕರೆ-ಗುಂಟೆಯನ್ನು ಹೆಕ್ಟೇರ್‌ಗೆ ಪರಿವರ್ತಿಸಿ ಪಕ್ಕದಲ್ಲಿ ಕೊಟ್ಟರೆ ಓದುವವರಿಗೆ ಅನುಕೂಲ.

ಅಮೆರಿಕದ ಅರ್ಜಿಗೆ ಡಿಎಸ್-160 ನಮೂನೆ ತುಂಬಿ 185 ಡಾಲರ್ ಶುಲ್ಕ ಕಟ್ಟಿ, ಬಯೋಮೆಟ್ರಿಕ್‌ಗೆ ಒಂದು ದಿನ, ಸಂದರ್ಶನಕ್ಕೆ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಕರ್ನಾಟಕ ಚೆನ್ನೈ ಕಾನ್ಸುಲೇಟ್‌ನ ವ್ಯಾಪ್ತಿಗೆ ಸೇರಿದ್ದರೂ ಭಾರತದಲ್ಲಿ ವೀಸಾ ಸಂದರ್ಶನ ನಡೆಸುವ ಬೇರೆ ಕಾನ್ಸುಲೇಟ್‌ಗಳಲ್ಲೂ ಅರ್ಜಿ ಹಾಕಬಹುದು. ರಾಯಚೂರಿನಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ, ಬೆಂಗಳೂರಿಗಿಂತಲೂ ಹತ್ತಿರ. ಗಡಿಭಾಗದ ನಮ್ಮಲ್ಲಿ ಅನೇಕರಿಗೆ ತೆಲುಗು ಮನೆಮಾತಿನಷ್ಟೇ ಸಲೀಸಾದ್ದರಿಂದ ಅಲ್ಲಿ ತೆಲುಗಿನಲ್ಲಿ ಸಂದರ್ಶನ ಎದುರಿಸುವುದು ಒಡ್ಡೊಡ್ಡಾದ ಇಂಗ್ಲಿಷ್‌ಗಿಂತ ಎಷ್ಟೋ ಮೇಲು. ಸಂದರ್ಶನ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ; ಅನೇಕ ವೇಳೆ ಒಂದು ಕಾಗದವನ್ನೂ ಕೇಳುವುದಿಲ್ಲ. ಮಗು ಏನು ಓದುತ್ತಿದೆ, ಯಾವ ಊರಿನಲ್ಲಿದೆ, ಖರ್ಚು ಯಾರದು, ಎಷ್ಟು ದಿನ, ಇಲ್ಲಿ ನಿಮ್ಮ ಕೆಲಸವೇನು ಎಂಬ ಪ್ರಶ್ನೆಗಳಿಗೆ ಗಂಡ ಹೆಂಡತಿ ಇಬ್ಬರೂ ಒಂದೇ ಉತ್ತರ ಕೊಡುವಂತಿರಬೇಕು. ವ್ಯವಹಾರವೆಲ್ಲ ಯಜಮಾನರಿಗೆ ಗೊತ್ತು ಎಂದು ತಾಯಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಅಲ್ಲಿ ಅದು ನಡೆಯುವುದಿಲ್ಲ. ಮನೆಯಲ್ಲಿ ಎಷ್ಟು ಎಕರೆಯಿದೆ, ಮಗಳ ಕೋರ್ಸಿನ ಹೆಸರೇನು ಎಂಬುದು ತಾಯಿಗೂ ಬಾಯಲ್ಲಿರಬೇಕು.

ಬ್ರಿಟನ್, ಕೆನಡಾ ಮತ್ತು ಹೆಚ್ಚಿನ ಷೆಂಗೆನ್ ದೇಶಗಳ ಅರ್ಜಿದಾರರು ಆ ಸರ್ಕಾರಗಳ ಪರವಾಗಿ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡುತ್ತಾರೆ. ಸಂದರ್ಶನ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಕಡತವೇ ಎಲ್ಲವನ್ನೂ ಹೇಳಬೇಕು. ಕೆಲಸ ಮಾಡಿ ಕೈಬೆರಳ ಗೆರೆ ಸವೆದ ರೈತರ ಬೆರಳಚ್ಚು ಯಂತ್ರದಲ್ಲಿ ಮೂಡದೆ ಮತ್ತೆ ಬರಹೇಳುವುದುಂಟು. ಮುಂಚಿನ ಒಂದೆರಡು ವಾರ ಕೈಗೆ ಎಣ್ಣೆ ಹಚ್ಚಿ, ಸುಣ್ಣ, ಸಿಮೆಂಟು, ಔಷಧಿ ಸಿಂಪಡಣೆಯಿಂದ ದೂರವಿರುವುದು ಒಳ್ಳೆಯದು. ಬ್ರಿಟನ್‌ನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರುವ ವೀಸಾಕ್ಕೆ ಅವರು ಮಾನ್ಯ ಮಾಡಿದ ಕೇಂದ್ರದಲ್ಲಿ ಕ್ಷಯರೋಗ ತಪಾಸಣೆ ಬೇಕು, ಕೆನಡಾದಲ್ಲಿ ಆರು ತಿಂಗಳು ಮೀರಿ ಇರುವವರಿಗೂ ನಿಗದಿತ ವೈದ್ಯರಿಂದ ಪರೀಕ್ಷೆ ಇದೆ. ಜಿಲ್ಲಾಸ್ಪತ್ರೆಯ ಪ್ರಮಾಣಪತ್ರ ಇವಕ್ಕೆ ನಡೆಯುವುದಿಲ್ಲ.

ಆರನೆಯ ಹಂತ: ತಿರಸ್ಕಾರವಾದರೆ

ತಿರಸ್ಕಾರ ಶಾಶ್ವತವಲ್ಲ, ಸುಳ್ಳು ಮಾತ್ರ ಬಹುಕಾಲ ಬೆನ್ನು ಹತ್ತುತ್ತದೆ. ನಕಲಿ ಬ್ಯಾಂಕ್ ಹೇಳಿಕೆ ಅಥವಾ ಮುಚ್ಚಿಟ್ಟ ಹಳೆಯ ತಿರಸ್ಕಾರ ಪತ್ತೆಯಾದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷದವರೆಗೆ ಬಾಗಿಲು ಮುಚ್ಚುತ್ತದೆ; ಅಮೆರಿಕದಲ್ಲಿ ಅದು ಜೀವನಪರ್ಯಂತದ ಅನರ್ಹತೆಯೂ ಆಗಬಹುದು. ಖಾತೆಯಲ್ಲಿ ಹಣ ತೋರಿಸುವ ವ್ಯವಸ್ಥೆ ನಮ್ಮದು ಎನ್ನುವ ಮಧ್ಯವರ್ತಿಗೆ ಈ ನಷ್ಟ ತಟ್ಟುವುದಿಲ್ಲ, ಏಕೆಂದರೆ ಅರ್ಜಿಯ ಕೆಳಗಿನ ಸಹಿ ನಿಮ್ಮದು.

ಅಮೆರಿಕದ 214(ಬಿ) ತಿರಸ್ಕಾರಕ್ಕೆ ಮೇಲ್ಮನವಿ ಇಲ್ಲ. ಪರಿಸ್ಥಿತಿ ಬದಲಾದಾಗ ಹೊಸ ಅರ್ಜಿ ಹಾಕಬಹುದು. ಬ್ರಿಟನ್‌ನ ಸಂದರ್ಶಕ ವೀಸಾದಲ್ಲೂ ಸಾಮಾನ್ಯವಾಗಿ ಮರುಅರ್ಜಿಯೇ ದಾರಿ. ಜರ್ಮನಿ 2025ರ ಜುಲೈ 1ರಿಂದ ತನ್ನ ರಾಯಭಾರ ಕಚೇರಿಗಳಿಗೆ ಮರುಪರಿಶೀಲನೆಯ ಮನವಿ ಸಲ್ಲಿಸುವ ಪದ್ಧತಿಯನ್ನು ಕೈಬಿಟ್ಟಿದೆ. ಹೊಸ ಅರ್ಜಿ ಅಥವಾ ಅಲ್ಲಿನ ನ್ಯಾಯಾಲಯ ಎರಡೇ ಉಳಿದಿವೆ. ಕೆನಡಾದಲ್ಲಿ ಅಧಿಕಾರಿಯ ಟಿಪ್ಪಣಿಗಳ ಪ್ರತಿಯನ್ನು ಅಲ್ಲಿರುವ ಮಗು ನಿಮ್ಮ ಒಪ್ಪಿಗೆ ಪತ್ರದೊಡನೆ ಕೇಳಿ ಪಡೆಯಬಹುದು. ಆ ಟಿಪ್ಪಣಿ ಓದದೆ ಅದೇ ಕಡತವನ್ನು ಮರುವಾರವೇ ಮತ್ತೆ ಕಳಿಸುವುದು ಶುಲ್ಕವನ್ನು ಹೊಳೆಗೆ ಎಸೆದಂತೆ.

ಏಳನೆಯ ಹಂತ: ಅಲ್ಲಿ ಇಳಿದ ಮೇಲೆ

ಸಂದರ್ಶಕ ವೀಸಾದಲ್ಲಿ ಯಾವ ದುಡಿಮೆಯೂ ಸಲ್ಲದು. ಪರಿಚಯದವರ ಅಂಗಡಿಯಲ್ಲಿ ನಿಲ್ಲುವುದು ಮಾತ್ರವಲ್ಲ, ಮಗನ ಗೆಳೆಯರಿಗೆ ತಿಂಗಳ ಲೆಕ್ಕದಲ್ಲಿ ಹಣ ಪಡೆದು ಅಡುಗೆ ಮಾಡಿಹಾಕುವುದೂ ನಿಯಮಭಂಗವೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತುಪ್ಪ ಒಯ್ಯುವವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಳಿಯುವ ಮುನ್ನ ಕೊಡುವ ಘೋಷಣೆಯಲ್ಲಿ ಎಲ್ಲವನ್ನೂ ಬರೆಯಬೇಕು. ಕೆಲವನ್ನು ಅವರು ತೆಗೆದಿಟ್ಟುಕೊಳ್ಳಬಹುದು, ಆದರೆ ಬರೆಯದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಆಸ್ಟ್ರೇಲಿಯಾದಲ್ಲಿ ವೀಸಾವೇ ರದ್ದಾಗಲೂಬಹುದು. ಬಿಪಿ, ಶುಗರ್ ಮಾತ್ರೆಗಳಿಗೆ ವೈದ್ಯರ ಇಂಗ್ಲಿಷ್ ಚೀಟಿ ಜೊತೆಗಿರಲಿ. ಈ ಕಾಯಿಲೆಗಳನ್ನು ವಿಮೆ ಪಡೆಯುವಾಗಲೇ ತಿಳಿಸಿ, ಅವುಗಳಿಗೆ ರಕ್ಷಣೆ ಇದೆಯೇ ಎಂದು ಪಾಲಿಸಿಯಲ್ಲಿ ಓದಿ ನೋಡಿ.

ಇರುವ ಅವಧಿಯನ್ನು ವೀಸಾದ ಮೇಲಿನ ಕೊನೆಯ ದಿನಾಂಕದಿಂದ ಲೆಕ್ಕ ಹಾಕಬೇಡಿ. ಅಮೆರಿಕದಲ್ಲಿ ಇಳಿದ ದಿನವೇ ಐ-94 ದಾಖಲೆಯನ್ನು ಜಾಲತಾಣದಿಂದ ತೆಗೆದು ಅದರಲ್ಲಿರುವ ದಿನಾಂಕವನ್ನು ನೋಡಿಕೊಳ್ಳಬೇಕು. ಆ ದಿನಾಂಕ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಆಸ್ಟ್ರೇಲಿಯಾದ ವೀಸಾ ಪತ್ರದಲ್ಲಿ 8503 ಎಂಬ ಷರತ್ತು ಇದ್ದರೆ ಅಲ್ಲಿದ್ದುಕೊಂಡೇ ಅವಧಿ ವಿಸ್ತರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಕೆನಡಾದಲ್ಲಿ ಹೆಚ್ಚು ಕಾಲ ಇರಬೇಕಾಗಿ ಬಂದರೆ ವಿಸಿಟರ್ ರೆಕಾರ್ಡ್‌ಗೆ ಅರ್ಜಿ ಹಾಕಬಹುದು. ಅದನ್ನು ಅವಧಿ ಮುಗಿಯುವ ಕನಿಷ್ಠ 30 ದಿನ ಮೊದಲೇ ಸಲ್ಲಿಸಬೇಕೆಂದು ಅಲ್ಲಿನ ಇಲಾಖೆ ಹೇಳುತ್ತದೆ. ಮಗುವಿಗೆ ಆರೋಗ್ಯ ಕೆಟ್ಟು ನಿಲ್ಲಬೇಕಾಗಿ ಬಂದರೆ ಆಸ್ಪತ್ರೆಯ ಪತ್ರವನ್ನು ಆ ಅರ್ಜಿಗೇ ಲಗತ್ತಿಸಿ, ಸಲ್ಲಿಸಿದ ರಸೀದಿಯನ್ನು ಪಾಸ್‌ಪೋರ್ಟ್ ಜೊತೆಯಲ್ಲಿಡಿ.